ಬನ್ನಿಮಂಟಪದ ಜೆಟ್ಟೋ, ಯಲಹಂಕದ ಡಕೋಟಾನೋ?

ಮೈಸೂರಿನಲ್ಲಿ ಕೂತು ವಿಮಾನದ ಹುಚ್ಚು ಹಚ್ಚಿಕೊಂಡವರಿಗೆ ದಾರಿಗಳು ಬಹಳ ಇಲ್ಲ. ಕೆಲವು ವರ್ಷ ದಸರಾದಲ್ಲಿ ಬನ್ನಿಮಂಟಪದ ಪಂಜಿನ ಕವಾಯತು ಮೈದಾನದ ಏರ್ ಶೋ. ಎರಡು ವರ್ಷಕ್ಕೊಮ್ಮೆ ಯಲಹಂಕದ ಏರೋ ಇಂಡಿಯಾ. ವರ್ಷವಿಡೀ ಇರುವ ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂ. ಇದ್ಯಾವುದೂ ಬೇಡ ಎಂದರೆ ಮನೆಯಲ್ಲೇ ಯೂಟ್ಯೂಬ್. ನಾಲ್ಕನ್ನೂ ನೋಡಿ ಮುಗಿಸಿದ್ದೇನೆ, ಹೆಚ್ಚಿನಂಶ ಮಂಡ್ಯದ ನಮ್ಮ ಭಾವನ ಜೊತೆ. ಅವರ ಹುಚ್ಚಿನ ಜಾತಿ ಬೇರೆ. ಏನು ಹಾರುತ್ತಿದೆ ಎಂಬುದು ನನಗೆ ಮುಖ್ಯ, ಹಳೆಯ ವಿಮಾನವಾದರೆ ಇನ್ನೂ ಖುಷಿ. ಯಾರು ಹಾರಿಸುತ್ತಿದ್ದಾರೆ ಎಂಬುದು ಅವರಿಗೆ ಮುಖ್ಯ. ಸಿನಿಮಾದವರೋ ರಾಜಕಾರಣಿಯೋ ಕಾಕ್‌ಪಿಟ್‌ನಲ್ಲಿ ಕೂತಿದ್ದಾರೆ ಅಂದರೆ ಸಾಕು, ಭಾವ ಕುರ್ಚಿಯ ತುದಿಗೆ ಬಂದುಬಿಡುತ್ತಾರೆ. ಆದ್ದರಿಂದ ಈ ಹೋಲಿಕೆಯಲ್ಲಿ ತೀರ್ಪುಗಾರರು ಇಬ್ಬರು, ನಮ್ಮಿಬ್ಬರಿಗೂ ಒಮ್ಮತ ಬಂದದ್ದು ಅಪರೂಪ.

ಬನ್ನಿಮಂಟಪದಲ್ಲಿ ಕಾಣಸಿಗುವುದು ಮುಖ್ಯವಾಗಿ ವಾಯುಪಡೆಯ ವಿಮಾನ ಕಸರತ್ತಿನ ಸೂರ್ಯಕಿರಣ ತಂಡ. ನಮ್ಮ ಬೀದರ್ ವಾಯುನೆಲೆಯಲ್ಲಿ 1996ರಲ್ಲಿ ಹುಟ್ಟಿದ ತಂಡ ಇದು. ಮೊದಲು ಎಚ್‌ಎಎಲ್‌ನದೇ ಕಿರಣ್ ವಿಮಾನ ಹಾರಿಸುತ್ತಿದ್ದರು. 2011ರಲ್ಲಿ ನಿಂತುಹೋಗಿ, ಆಮೇಲೆ ಹಾಕ್ ಜೆಟ್‌ಗಳೊಂದಿಗೆ ಮತ್ತೆ ಮೇಲೆದ್ದರು. 2025ರ ದಸರಾದಲ್ಲೂ ಬಂದಿದ್ದರು. ಒಂಬತ್ತು ಕೆಂಪು-ಬಿಳಿ ವಿಮಾನ, ಒಂದಕ್ಕೊಂದು ಐದು ಮೀಟರಿಗೂ ಕಡಿಮೆ ಅಂತರ, ಹಿಂದೆ ಕೇಸರಿ ಬಿಳಿ ಹಸಿರು ಹೊಗೆ. ಮೈಕಿನಲ್ಲಿ ನಿರೂಪಕರು "ಎಡಕ್ಕೆ ನೋಡಿ" ಅನ್ನುತ್ತಾರೆ. ಇಡೀ ಗ್ಯಾಲರಿ ಎಡಕ್ಕೆ ಕತ್ತು ತಿರುಗಿಸುವಷ್ಟರಲ್ಲಿ ಎರಡು ವಿಮಾನ ಬಲಗಡೆಯಿಂದ ನುಗ್ಗಿ ತಲೆಯ ಮೇಲೆ ಹಾದಿರುತ್ತವೆ. ಕಣ್ಣು ಅವನ್ನು ಹಿಡಿಯುವ ಹೊತ್ತಿಗೆ ಅವು ಎಲ್ಲೋ, ಸದ್ದು ಎಲ್ಲೋ.

ಮನೆಮಂದಿಗೆಲ್ಲ ಒಟ್ಟಿಗೆ ತೋರಿಸಬೇಕು ಅಂದರೆ ಇದಕ್ಕಿಂತ ಸಲೀಸಾದದ್ದು ಇನ್ನೊಂದಿಲ್ಲ. ಸಿಟಿ ಬಸ್ಸಿನಲ್ಲಿ ಹೋಗಿ ಊಟದ ಹೊತ್ತಿಗೆ ಮನೆ ಸೇರಬಹುದು. ಅಜ್ಜಿಯರೂ ಬರುತ್ತಾರೆ, ಕಂಕುಳಲ್ಲಿರುವ ಮಗುವೂ ಬರುತ್ತದೆ. ಪಾಸಿನ ತಾಪತ್ರಯ ಬೇಡವಾದರೆ ಸುತ್ತಲಿನ ಯಾವುದಾದರೂ ಪರಿಚಯದವರ ತಾರಸಿ ಹಿಡಿಯಿರಿ, ಆಕಾಶಕ್ಕೆ ಗೇಟಿಲ್ಲ. ತಾಲೀಮಿನ ದಿನ ಹೋಗುವುದು ಇನ್ನೂ ಜಾಣತನ. ಕಾರ್ಯಕ್ರಮ ಅದೇ, ನೂಕುನುಗ್ಗಲು ಕಡಿಮೆ.

ಕೊರತೆ ಎಲ್ಲಿ ಅಂದರೆ, ಹಳೆಯದು ಅನ್ನುವುದೇನೂ ಇಲ್ಲಿ ಇರುವುದಿಲ್ಲ. ಭಾವನ ಆಕ್ಷೇಪಣೆ ಬೇರೆ. "ಬಂದ್ರು, ಸುತ್ತುದ್ರು, ಹೋದ್ರು. ಒಬ್ರ್ ಮಖಾನೂ ಕಾಣ್ನಿಲ್ಲ ಕಣಯ್ಯ" ಅಂದರು. ಆ ಪೈಲಟ್‌ಗಳು ಎಂಥ ಸಿನಿಮಾ ನಟನಿಗಿಂತಲೂ ದೊಡ್ಡ ಕಲಾವಿದರು ಅಂತ ವಾದಿಸಿದೆ. ಒಪ್ಪಿಕೊಂಡರು, ಆದರೆ ಸಮಾಧಾನ ಆಗಲಿಲ್ಲ. ದಸರಾ ಸಮಯಕ್ಕೆ ಲಲಿತಮಹಲ್ ಹೆಲಿಪ್ಯಾಡಿನಿಂದ ನಡೆಯುತ್ತಿದ್ದ ಹೆಲಿಕಾಪ್ಟರ್ ಸವಾರಿ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಊರು ನೋಡುವ ಸುಖ, ವಿಮಾನ ನೋಡುವ ಸುಖವಲ್ಲ.

ಯಲಹಂಕದ ಕಥೆಯೇ ಬೇರೆ. ಏರೋ ಇಂಡಿಯಾ ಮೂಲದಲ್ಲಿ ವ್ಯಾಪಾರದ ಸಂತೆ, ಮಾರುವವರು ಕೊಳ್ಳುವವರಿಗೋಸ್ಕರ ಇರುವುದು. ನಾವು ನೋಡುಗರು ಬರೀ ಬೇಲಿಯಾಚೆಯವರು. 2025ರಲ್ಲಿ ವೀಕ್ಷಣಾ ವಲಯದ ಟಿಕೆಟ್ ಒಂದು ಸಾವಿರ ರೂಪಾಯಿ, ಒಳಗಿನ ಮಳಿಗೆಗಳಿಗೂ ಹೋಗಬೇಕಾದರೆ ಎರಡೂವರೆ ಸಾವಿರ. ನನ್ನ ಪ್ರಕಾರ ಸಾವಿರದ್ದೇ ಸಾಕು. ಮಳಿಗೆಯಲ್ಲಿ ಸಿಗುವುದು ಬಣ್ಣದ ಕರಪತ್ರ ಮತ್ತು ಸೂಟು ಹಾಕಿದವರ ಬೆನ್ನು.

ಆ ವರ್ಷ ಅಮೆರಿಕದ ಎಫ್-35, ರಷ್ಯಾದ ಸು-57 ಎರಡೂ ಯುದ್ಧವಿಮಾನಗಳು ಬಂದಿದ್ದವು. ಎದೆಗೂಡು ಅದುರುತ್ತದೆ, ಸುಳ್ಳಲ್ಲ. ಆದರೆ ನೀವು ನಿಜವಾಗಿ ನೋಡುವುದು ಎಷ್ಟು? ಒಂದು ಬೂದು ತ್ರಿಕೋನ ಬರುತ್ತದೆ, ಬೆಂಕಿ ಉಗುಳಿ ನೆಟ್ಟಗೆ ಮೇಲೇರುತ್ತದೆ, ಚುಕ್ಕಿಯಾಗುತ್ತದೆ. ಅದಕ್ಕೆ ಹೋಲಿಸಿದರೆ 2019ರಲ್ಲಿ ಅದೇ ರನ್‌ವೇಯ ಮೇಲೆ ಬಂದ ಡಕೋಟಾ! ಎರಡನೇ ಮಹಾಯುದ್ಧದ ಕಾಲದ, ಎರಡು ಎಂಜಿನ್ನಿನ, ಅವಸರವೇ ಇಲ್ಲದ ಸಾಗಣೆ ವಿಮಾನ ಅದು. ಮೂಗು ಮೇಲೆ, ಬಾಲ ನೆಲಕ್ಕೆ, ಕೂತಲ್ಲೇ ಕೂತು ಒಂದು ಎಂಜಿನ್ ಕೆಮ್ಮಿತು, ನೀಲಿ ಹೊಗೆ ಬಿಟ್ಟಿತು, ಆಮೇಲೆ ಇನ್ನೊಂದು. ಒಂದೊಂದರಲ್ಲೂ ಹದಿನಾಲ್ಕು ಸಿಲಿಂಡರ್, ಹೆಚ್ಚುಕಡಿಮೆ 1,200 ಅಶ್ವಶಕ್ತಿ. "ನಮ್ಮ ಆಲೆಮನೆ ಇಂಜನ್ ಇದ್ದಂಗದೆ" ಅಂದರು ಭಾವ. ಹಗುರವಾಗಿ ಅಂದದ್ದಲ್ಲ, ಅಭಿಮಾನದಿಂದ ಅಂದದ್ದು. ಓಡತೊಡಗಿದ ಮೇಲೆ ಬಾಲ ನಿಧಾನಕ್ಕೆ ಎದ್ದಿತು, ಆಮೇಲೆ ಚಕ್ರ ನೆಲ ಬಿಟ್ಟಿತು. ಪ್ರತಿಯೊಂದು ಹಂತವನ್ನೂ ಕಣ್ಣಾರೆ ನೋಡಬಹುದು. ತಿರುವು ಹೊಡೆದು ನಮ್ಮೆದುರು ಹಾದಾಗ ಕಿಟಕಿಗಳನ್ನು ಎಣಿಸುವಷ್ಟು ವ್ಯವಧಾನ ಇತ್ತು.

ಆ ಡಕೋಟಾದ ಹೆಸರು ಪರಶುರಾಮ, ಸಂಖ್ಯೆ ವಿಪಿ 905. ಕಾಶ್ಮೀರವನ್ನು ಉಳಿಸಿಕೊಳ್ಳಲು 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ ವಿಮಾನದ ನೆನಪಿಗೆ ಕೊಟ್ಟ ಸಂಖ್ಯೆ ಅದು. ಇದನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕೊಟ್ಟವರು ಆಗ ಸಂಸದರಾಗಿದ್ದ ರಾಜೀವ್ ಚಂದ್ರಶೇಖರ್. ಅವರ ತಂದೆ ಡಕೋಟಾ ಹಾರಿಸಿದವರು. 2018ರಲ್ಲಿ ಅದು ಹಡಗಿನಲ್ಲಲ್ಲ, ತನ್ನ ರೆಕ್ಕೆಯ ಮೇಲೇ ಭಾರತಕ್ಕೆ ಬಂತು. ವಾಯುಪಡೆಯ ಹಳೆಯ ವಿಮಾನಗಳ ವಿಭಾಗದಲ್ಲಿ ಇದರ ಜೊತೆಗೆ ಟೈಗರ್ ಮಾತ್, ಹಾರ್ವರ್ಡ್ ಎಂಬ ಹಳೆಯ ತರಬೇತಿ ವಿಮಾನಗಳೂ ಇವೆ.

ಭಾವನ ಕಿವಿ ನೆಟ್ಟಗಾದದ್ದು ನಾನು ಬಿಜು ಪಟ್ನಾಯಕ್ ಹೆಸರೆತ್ತಿದಾಗ. ಒಡಿಶಾದ ಮುಖ್ಯಮಂತ್ರಿಯಾಗಿದ್ದರಲ್ಲ, ಅವರು ಪೈಲಟ್ಟು. 1947ರಲ್ಲಿ ಡಚ್ಚರ ಕಣ್ಣು ತಪ್ಪಿಸಿ ಡಕೋಟಾದಲ್ಲಿ ಜಾವಾಕ್ಕೆ ಹಾರಿ ಇಂಡೊನೇಷ್ಯಾದ ನಾಯಕ ಸುತಾನ್ ಶಾಹ್ರಿರ್ ಅವರನ್ನು ಭಾರತಕ್ಕೆ ಕರೆತಂದರು. "ಮುಖ್ಯಮಂತ್ರಿ ಇಂಥ ವಿಮಾನ ಓಡಿಸ್ತಿದ್ರಾ!" ಅಂದವರೇ, ಡಕೋಟಾ ಇಳಿದು ನಿಲ್ಲುವವರೆಗೆ ಬಾಯಿ ಬಿಡಲಿಲ್ಲ. ಯಾರು, ಏನು ಎರಡೂ ಒಂದಾದ ಗಳಿಗೆ ಅದು.

ಯಲಹಂಕ ಖ್ಯಾತನಾಮರನ್ನೂ ಕಂಡಿದೆ. 2007ರಲ್ಲಿ ರತನ್ ಟಾಟಾ ಇಲ್ಲಿ ಎಫ್-16ರಲ್ಲಿ ಹಾರಿದರು. ಆಗ ಅವರಿಗೆ ಅರವತ್ತೊಂಬತ್ತು, ಮತ್ತು ಅವರು ಲೈಸೆನ್ಸ್ ಇದ್ದ ಪೈಲಟ್. 2019ರಲ್ಲಿ ಪಿ.ವಿ. ಸಿಂಧು ತೇಜಸ್‌ನಲ್ಲಿ ಹಾರಿದರು. ಭಾವ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಾರೆ. ನಾನು ಇಡುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಕೈಬೀಸುವುದು ಬೇರೆ, ಸ್ಟಿಕ್ ಹಿಡಿಯಲು ಬರುವುದು ಬೇರೆ. ಅದಕ್ಕಿಂತ ನನಗೆ ಇಷ್ಟವಾದವರು 2015ರಲ್ಲಿ ಬಂದಿದ್ದ ವಿಂಗ್‌ವಾಕರ್ಸ್. ಎರಡು ಪದರದ ರೆಕ್ಕೆಯ ಹಳೆಯ ಸ್ಟಿಯರ್‌ಮನ್ ವಿಮಾನ, ಮೇಲಿನ ರೆಕ್ಕೆಯ ಮೇಲೆ ಕಂಬಕ್ಕೆ ಬೆಲ್ಟು ಬಿಗಿದುಕೊಂಡು ನಿಂತ ಹೆಣ್ಣುಮಗಳು. ಅವಳ ಕೈ ಚಾಚಿದ್ದು, ಕಾಲೆತ್ತಿದ್ದು ಬರಿಗಣ್ಣಿಗೇ ಕಂಡಿತು. ಜೆಟ್ಟಿನ ವೇಗದಲ್ಲಿ ಇದು ಸಾಧ್ಯವೇ? ಏರ್ ಶೋ ನೋಡುವವರಿಗೆ ನಿಧಾನವೇ ದೊಡ್ಡ ವರ ಎಂಬ ನನ್ನ ಹಟ ಬಲವಾದದ್ದು ಅಂದೇ.

ಯಲಹಂಕಕ್ಕೆ ಹೋಗುವವರಿಗೆ ಒಂದೆರಡು ಮಾತು. ಫೆಬ್ರುವರಿ ಬಿಸಿಲು ಮೈಸೂರಿನ ಬಿಸಿಲಲ್ಲ; ಟೋಪಿ, ನೀರು, ಕಿವಿಗೆ ಹತ್ತಿ ಮರೆಯಬೇಡಿ. 2019ರಲ್ಲಿ ಅಲ್ಲಿನ ವಾಹನ ನಿಲುಗಡೆಯಲ್ಲಿ ಬೆಂಕಿ ಬಿದ್ದು ಸುಮಾರು ಮುನ್ನೂರು ಕಾರು ಸುಟ್ಟುಹೋದವು, ಅಂದಿನಿಂದ ನಮ್ಮದು ರೈಲು ಮತ್ತು ಬಸ್ಸು. ಬಾಡೂಟದವರಿಗೆ ಇನ್ನೊಂದು ಎಚ್ಚರಿಕೆ: ಹದ್ದುಗಳು ವಿಮಾನಕ್ಕೆ ಬಡಿಯಬಾರದೆಂದು ಆ ದಿನಗಳಲ್ಲಿ ಸುತ್ತಮುತ್ತ ಮಾಂಸ ಮಾರಾಟಕ್ಕೆ ತಡೆ. 2025ರಲ್ಲಿ ಹದಿಮೂರು ಕಿಲೋಮೀಟರ್ ಫಾಸಲೆಯಲ್ಲಿ ತಡೆ ಇತ್ತು. ಮಂಡ್ಯದ ಭಾವನಿಗೆ ಇದನ್ನು ಮುಂಚೆಯೇ ಹೇಳದೆ ಕರೆದೊಯ್ಯುವ ಧೈರ್ಯ ನನಗಿಲ್ಲ.

ಮಾರತ್ತಹಳ್ಳಿ ಕಡೆಯ ಎಚ್‌ಎಎಲ್ ಮ್ಯೂಸಿಯಂನಲ್ಲಿ ಏನೂ ಹಾರುವುದಿಲ್ಲ. ಹಾಗಾಗಿ ಅದನ್ನು ಏರ್ ಶೋಗಳ ಎದುರು ಇಡುವುದೇ ಅನ್ಯಾಯ ಅನ್ನಬಹುದು. ಆದರೂ ಇಡುತ್ತೇನೆ, ಯಾಕೆಂದರೆ ಮೈಸೂರಿನವರಿಗೆ ಇಲ್ಲಿ ಒಂದು ಹಕ್ಕಿದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಈ ವಿಮಾನ ಕಾರ್ಖಾನೆ ಕಟ್ಟಲು ಹೊರಟಾಗ ಜೊತೆಗೆ ನಿಂತು ಬಂಡವಾಳ ಹಾಕಿದ್ದು ನಮ್ಮ ಮೈಸೂರು ಸಂಸ್ಥಾನ. ಅಂಗಳದಲ್ಲಿ ಎಚ್‌ಎಎಲ್ ಕಟ್ಟಿದ ಮಾರುತ್ ಯುದ್ಧವಿಮಾನ ನಿಂತಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ, ಮೊದಲ ಹಾರಾಟ 1961ರ ಜೂನ್ 17, ಹಾರಿಸಿದವರು ಸುರಂಜನ್ ದಾಸ್. ಹತ್ತಿರ ಹೋಗಿ ನೋಡಿ: ರೆಕ್ಕೆಯುದ್ದಕ್ಕೂ ರಿವೆಟ್‌ಗಳ ಸಾಲು, ಮಳೆಗೆ ಮಾಸಿದ ಬಣ್ಣ, ಹೆಬ್ಬೆರಳು ಹಿಡಿಸುವಷ್ಟು ಚಿಕ್ಕ ಚಿಕ್ಕ ಮುಚ್ಚಳಗಳು. ಒಂದೊಂದನ್ನೂ ಯಾರೋ ಕೈಯಿಂದ ಕೂರಿಸಿದ್ದು. ಅದೇ ದಾಸ್ 1970ರ ಜನವರಿಯಲ್ಲಿ ಮಾರುತ್ ಪರೀಕ್ಷೆ ಮಾಡುವಾಗಲೇ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆ ಇದೆ, ದಿನಾ ಸಾವಿರಾರು ಜನ ಟ್ರಾಫಿಕ್ಕನ್ನು ಬೈದುಕೊಂಡು ಅದರ ಮೇಲೆ ಓಡಾಡುತ್ತಾರೆ. ಖ್ಯಾತ ಪೈಲಟ್ ಅಂದರೆ ನನಗೆ ಮೊದಲು ನೆನಪಾಗುವ ಹೆಸರು ಇದು. ಭಾವನಿಗೆ ಆ ರಸ್ತೆ ಗೊತ್ತಿತ್ತು, ಮನುಷ್ಯ ಗೊತ್ತಿರಲಿಲ್ಲ.

ಅಲ್ಲೇ ಎಚ್‌ಟಿ-2 ಕೂಡ ಇದೆ. 1951ರಲ್ಲಿ ಮೊದಲು ಹಾರಿದ, ನಮ್ಮಲ್ಲೇ ವಿನ್ಯಾಸಗೊಂಡ ತರಬೇತಿ ವಿಮಾನ. ಒಬ್ಬರ ಹಿಂದೊಬ್ಬರು ಕೂರುವ ಎರಡು ಸೀಟು, ಮುಂದೆ ಪುಟ್ಟ ಎಂಜಿನ್. ಇದು ಹಾರುವ ಸ್ಥಿತಿಯಲ್ಲಿ ಇದ್ದಿದ್ದರೆ ಬನ್ನಿಮಂಟಪದ ಮೇಲೆ ಒಂದು ಸುತ್ತು ಹೊಡೆಸಲು ನಾನೇ ಚಂದಾ ಎತ್ತುತ್ತಿದ್ದೆ.

ಯೂಟ್ಯೂಬಿನಲ್ಲಿ ಮಾತ್ರ ಭಾವನದೇ ರಾಜ್ಯ. ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ 1940ರ ದಶಕದ ರಯಾನ್ ಪಿಟಿ-22 ಹಾರಿಸುತ್ತಿದ್ದಾಗ 2015ರ ಮಾರ್ಚ್‌ನಲ್ಲಿ ಎಂಜಿನ್ ನಿಂತುಹೋಗಿ ಲಾಸ್ ಏಂಜಲೀಸ್‌ನ ಗಾಲ್ಫ್ ಮೈದಾನಕ್ಕೆ ಇಳಿಸಿ ಬದುಕಿದರು. ಟಾಮ್ ಕ್ರೂಸ್ ಬಳಿ ಎರಡನೇ ಮಹಾಯುದ್ಧದ ಕಾಲದ ಸ್ವಂತದ ಪಿ-51 ಮಸ್ಟಾಂಗ್ ಯುದ್ಧವಿಮಾನ ಇದೆ. ಜಾನ್ ಟ್ರವೋಲ್ಟಾ ಮನೆ ಮುಂದೆ ಬೋಯಿಂಗ್ 707 ನಿಲ್ಲಿಸಿಕೊಂಡಿದ್ದರು. ಐರನ್ ಮೇಡನ್ ಎಂಬ ರಾಕ್ ತಂಡದ ಹಾಡುಗಾರ ಬ್ರೂಸ್ ಡಿಕಿನ್‌ಸನ್ ತಮ್ಮ ತಂಡವನ್ನು ಬೋಯಿಂಗ್ 757ರಲ್ಲಿ ತಾವೇ ಹಾರಿಸಿಕೊಂಡು ದೇಶ ದೇಶ ಸುತ್ತಿದವರು. ಬಿಡುವಾದಾಗ ಮೊದಲನೇ ಮಹಾಯುದ್ಧದ ಮಾದರಿಯ ಮೂರು ರೆಕ್ಕೆಯ ಫಾಕರ್‌ನಲ್ಲಿ ಇಂಗ್ಲೆಂಡಿನ ಏರ್ ಶೋಗಳಲ್ಲಿ ಹಾರಿದವರು. ಇವರಲ್ಲಿ ನನ್ನ ಓಟು ಡಿಕಿನ್‌ಸನ್‌ಗೆ. ಶೋಕಿಗೆ ವಿಮಾನ ಇಟ್ಟುಕೊಳ್ಳುವುದು ಸುಲಭ, ಜನರೆದುರು ತಂಡದ ಜೊತೆ ಲೆಕ್ಕಕ್ಕೆ ತಪ್ಪದೆ ಹಾರುವುದು ಹಾಗಲ್ಲ.

ಆದರೆ ಇವರೆಲ್ಲರ ಅಜ್ಜ ನಮ್ಮವರೇ. ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಪುಸ್ ಮಾತ್ ವಿಮಾನದಲ್ಲಿ ಟಪಾಲು ಹೇರಿಕೊಂಡು ಕರಾಚಿಯಿಂದ ಮುಂಬಯಿಗೆ ಬಂದರು. ಅಲ್ಲಿಂದ ಮದ್ರಾಸಿಗೆ ಅದನ್ನು ಒಯ್ದವರು ನೆವಿಲ್ ವಿನ್ಸೆಂಟ್, ದಾರಿಯಲ್ಲಿ ನಮ್ಮ ಬಳ್ಳಾರಿಯಲ್ಲಿ ಇಳಿದು. ಐವತ್ತು ವರ್ಷ ಕಳೆದ ಮೇಲೆ, 1982ರಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ ಜೆ.ಆರ್.ಡಿ. ಲೆಪರ್ಡ್ ಮಾತ್ ಎಂಬ ಹಳೆಯ ವಿಮಾನದಲ್ಲಿ ಒಬ್ಬರೇ ಅದೇ ದಾರಿಯನ್ನು ಮತ್ತೆ ಹಾರಿದರು. ಖ್ಯಾತನಾಮ, ಹಳೆಯ ವಿಮಾನ, ಖುಷಿ ಮೂರೂ ಕೂಡಿದ ಹಾರಾಟ ಅಂದರೆ ಅದು.

ಪರದೆಯ ಮೇಲೆ ಇಂಗ್ಲೆಂಡಿನ ಡಕ್ಸ್‌ಫರ್ಡ್ ಏರ್ ಶೋ ಇದೆ, ಅಮೆರಿಕದ ಓಷ್‌ಕೋಶ್ ಏರ್ ಶೋ ಇದೆ, 1909ರ ಬ್ಲೇರಿಯೋ ವಿಮಾನವನ್ನು ಇಂದಿಗೂ ನೆಲ ಬಿಡಿಸುವ ಇಂಗ್ಲೆಂಡಿನ ಷಟಲ್‌ವರ್ತ್ ಸಂಗ್ರಹ ಇದೆ. ಏನು ಬೇಕೋ ಅದು ಸಿಗುತ್ತದೆ. ಸಿಗದಿರುವುದು ಸದ್ದು. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ಯುದ್ಧವಿಮಾನದ ಇಪ್ಪತ್ತೇಳು ಲೀಟರಿನ ಮರ್ಲಿನ್ ಎಂಜಿನ್ ಟಿವಿ ಸ್ಪೀಕರಿನಲ್ಲಿ ಮಿಕ್ಸಿಯಂತೆ ಕೇಳುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿದರೆ ಸ್ವಲ್ಪ ವಾಸಿ, ಆದರೂ ಎದೆಗೆ ತಾಗುವುದಿಲ್ಲ. ಹಾರ್ವರ್ಡ್‌ನ ಕರ್ಕಶ ಗರ್ಜನೆಯೂ ಅಷ್ಟೇ. ಪ್ರೊಪೆಲ್ಲರಿನ ತುದಿ ಶಬ್ದದ ವೇಗದ ಹತ್ತಿರ ಹೋಗುವುದರಿಂದ ಹುಟ್ಟುವ ಸದ್ದು ಅದು, ಪಕ್ಕದ ಬೀದಿಗೂ ಕೇಳಿಸುವಂಥದ್ದು.

ಹಾಗಾದರೆ ಯಾವುದು? ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಕಣ್ಣು ಮುಚ್ಚಿಕೊಂಡು ಬನ್ನಿಮಂಟಪ. ಒಬ್ಬರೇ ಹೋಗುವುದಾದರೆ, ಕೈಯಲ್ಲಿ ಇಡೀ ದಿನ ಇದ್ದರೆ ಎಚ್‌ಎಎಲ್ ಮ್ಯೂಸಿಯಂ; ಹೋಗುವ ಮುಂಚೆ ಮಾರುತ್ ಬಗ್ಗೆ ಒಂದಿಷ್ಟು ಓದಿಕೊಂಡು ಹೋಗಿ, ಇಲ್ಲದಿದ್ದರೆ ಅದು ಬರೀ ಲೋಹ. ಖ್ಯಾತನಾಮರ ಹುಚ್ಚಿನವರು ಭಾವನ ಹಾಗೆ ಸೋಫಾದಲ್ಲೇ ಸುಖಿ. ನನ್ನ ದುಡ್ಡು ಹೋಗುವುದು ಮಾತ್ರ ಯಲಹಂಕಕ್ಕೆ, ಅದೂ ಒಂದು ಷರತ್ತಿನ ಮೇಲೆ: ಬೆಸ ವರ್ಷದ ಫೆಬ್ರುವರಿ ಹತ್ತಿರ ಬಂದಾಗ ಹಾರಾಟದ ಪಟ್ಟಿ ನೋಡುತ್ತೇನೆ. ಪರಶುರಾಮನೋ ಹಾರ್ವರ್ಡೋ ಅದರಲ್ಲಿ ಇದ್ದರೆ ಅವತ್ತೇ ಟಿಕೆಟ್. ಬರೀ ಜೆಟ್‌ಗಳೇ ಆಗಿದ್ದರೆ ಆ ಸಾವಿರ ರೂಪಾಯಿಗೆ ಒಂದು ಒಳ್ಳೆಯ ಹೆಡ್‌ಫೋನ್ ಬರುತ್ತದೆ.