ಹಲ್ಲು ಮೂಡುವ ಮಗುವಿಗೆ ಸಿಲಿಕೋನ್ ಫೀಡರ್

ದಾವಣಗೆರೆಯ ಮಂಡಿಪೇಟೆಯಲ್ಲಿ ಕೊಂಡ ಈ ಸಿಲಿಕೋನ್ ಫೀಡರನ್ನು (ಒಳಗೆ ಆಹಾರವಿಟ್ಟು ಮಗುವಿಗೆ ಚೀಪಲು ಕೊಡುವ, ರಂಧ್ರಗಳಿರುವ ಮೆತ್ತನೆಯ ನಿಪ್ಪಲ್), ನಮ್ಮ 8 ತಿಂಗಳ ಮಗಳಿಗೆ ಕೆಳಗಿನ ಹಲ್ಲು ಮೂಡಲಾರಂಭಿಸಿದಾಗಿನಿಂದ ಬಳಸುತ್ತಿದ್ದೇವೆ. ಗಜ್ಜರಿಯನ್ನೋ ಸಿಹಿಗುಂಬಳವನ್ನೋ ಬೆರಳಲ್ಲಿ ಅದುಮಿದರೆ ಹಿಟ್ಟಾಗುವಷ್ಟು ಬೇಯಿಸಿ, ಉಪ್ಪು, ಸಕ್ಕರೆ, ಜೇನುತುಪ್ಪ ಏನನ್ನೂ ಸೇರಿಸದೆ (ವರ್ಷ ತುಂಬುವವರೆಗೆ ಜೇನು ಕೊಡಲೇಬಾರದು) ನುಣ್ಣಗೆ ಅರೆದು, ಜೊತೆಗೇ ಬಂದ ಅಚ್ಚಿನಲ್ಲಿ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡುತ್ತೇವೆ. ಆ ತುಂಡನ್ನು ನೇರವಾಗಿ ಬಾಯಿಗಿಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಫೀಡರಿನ ಸಣ್ಣ ರಂಧ್ರಗಳಿಂದ ಕರಗಿದ್ದು ಮಾತ್ರ ಇಳಿಯುವುದರಿಂದ ನಮಗೆ ಧೈರ್ಯ, ಆದರೂ ಪಕ್ಕದಲ್ಲೇ ಕೂತಿರುತ್ತೇವೆ. ಒಸಡು ಊದಿ, ಜೊಲ್ಲು ಸುರಿಸುತ್ತಾ ರಚ್ಚೆ ಹಿಡಿಯುವ ಮಗು, ತಣ್ಣನೆಯ ತುದಿಯನ್ನು ಕಚ್ಚಿದೊಡನೆ ಕಣ್ಣರಳಿಸಿ ಸುಮ್ಮನಾಗುವುದನ್ನು ನೋಡಿದರೆ ಕೊಟ್ಟ ಹಣ ಸಾರ್ಥಕವೆನಿಸುತ್ತದೆ. ಆದರೆ ರಂಧ್ರಗಳಲ್ಲಿ ಗಜ್ಜರಿಯ ನಾರು ಕೂರುತ್ತದೆ. ತೊಳೆಯಲು ಸಣ್ಣ ಬ್ರಷ್ ಒಂದನ್ನು ಕಂಪನಿಯವರು ಕೊಡಲೇಬೇಕಿತ್ತು.