ಲೈಟ್ ಬರುತ್ತೆ, ಗೇಮ್ ಬರಲ್ಲ: ಬಾಂಬೆ ಗ್ರ್ಯಾಂಟ್ ರೋಡ್ ರಿಪೇರಿ ಅಂಗಡಿಗೆ ನಾಲ್ಕು ಸ್ಟಾರ್

ಮೊದ್ಲೇ ಹೇಳ್ಬಿಡ್ತೀನಿ, ಐದನೇ ಸ್ಟಾರ್ ಕೊಡದೇ ಇರೋದಕ್ಕೆ ಕಾರಣ ಎರಡು ಸ್ಕ್ರೂ ಮತ್ತೆ ಮೂರು ವಾರ. ಕೆಲಸದ ಬಗ್ಗೆ ನನ್ನದೇನೂ ತಕರಾರಿಲ್ಲ.

ನಮ್ಮನೇಲಿರೋದು ಸೆಗಾ ಮೆಗಾ ಡ್ರೈವ್, ಟಿವಿಗೆ ಹಾಕಿ ಆಡೋ ಹಳೇ ವಿಡಿಯೋ ಗೇಮ್ ಕನ್ಸೋಲು, ಅದರಲ್ಲೂ ಮೊದಲನೇ ಮಾಡೆಲ್ಲು, ಮುಂದುಗಡೆ ಹೆಡ್‌ಫೋನ್ ತೂತು, ಪಕ್ಕದಲ್ಲಿ ವಾಲ್ಯೂಮ್ ಸರಿಸೋ ಕಡ್ಡಿ ಇರುತ್ತಲ್ಲ ಅದು. 1993ರಲ್ಲಿ ಮಾವ ಬಹ್ರೇನ್‌ನಿಂದ ಬರ್ತಾ ತಂದಿದ್ದು, ಆಗ ಡೊಂಬಿವ್ಲಿ ಚಾಳಿನ ಅರ್ಧ ಮಕ್ಕಳು ನಮ್ಮನೇಲೇ ಬಿದ್ದಿರ್ತಿದ್ರು, ಅಮ್ಮ ಎಲ್ರಿಗೂ ಅವಲಕ್ಕಿ ಕಲಸಿ ಕಲಸಿ ಸುಸ್ತು. ಆಮೇಲೆ ಅದು ಅಟ್ಟ ಸೇರ್ತು. ಹೋದ ದೀಪಾವಳಿಗೆ ಅಟ್ಟ ಗುಡಿಸುವಾಗ ಸಿಕ್ತು, ಗೇಮ್ ಇರೋ ಕ್ಯಾಟ್ರಿಜ್ ಇತ್ತು, ಜಾಯ್‌ಪ್ಯಾಡ್ ಇತ್ತು, ಅಡಾಪ್ಟರ್ ಮಾತ್ರ ನಾಪತ್ತೆ.

ಫುಟ್‌ಪಾತಲ್ಲಿ 9 ವೋಲ್ಟಿನ ಅಡಾಪ್ಟರ್ ಒಂದು ತಂದು ಹಾಕ್ದೆ, ಕೆಂಪು ಲೈಟ್ ಬಂತು, ಖುಷಿಯಾಯ್ತು, ಆದ್ರೆ ಟಿವಿ ಕಪ್ಪಗೆ. ಆಮೇಲೆ ಮಗಳ ಕ್ಯಾಸಿಯೋ ಕೀಬೋರ್ಡಿನ ಹಳೇ ಅಡಾಪ್ಟರ್ ಹಾಕ್ದೆ (ಅದೂ 9 ವೋಲ್ಟೇ, ಪಿನ್ನಿನ ನಡುವೆ ಮೈನಸ್, ಸುತ್ತ ಪ್ಲಸ್, ಈ ಮಾಡೆಲ್ಲಿಗೆ ಬೇಕಾಗಿರೋದೂ ಹಂಗೇ), ಅದೇ ಕಥೆ. ಮಧ್ಯೆ ವೈರ್ ಸ್ವಲ್ಪ ಅಲ್ಲಾಡಿದ್ರೂ ಲೈಟ್ ಹೋಗಿ ಬರೋದು ಬೇರೆ. ಸ್ಟೇಷನ್ ಹತ್ರದ ಒಂದು ಅಂಗಡಿಗೆ ಕೊಟ್ಟೆ, ಹೆಸರು ಬೇಡ ಬಿಡಿ, ಅವ್ರು ಎರಡು ದಿನ ಇಟ್ಕೊಂಡು ಪ್ರೊಸೆಸರ್ ಹೋಗಿದೆ, ಬೋರ್ಡ್ ಡೆಡ್ಡು ಅಂದು ಚೆಕಿಂಗ್ ಚಾರ್ಜ್ ಅಂತ 300 ತಗೊಂಡ್ರು. ಮುಚ್ಚಳದ ಸ್ಕ್ರೂ ಮೇಲೆ ಮೂವತ್ತು ವರ್ಷದ ಧೂಳು ಹಾಗೇ ಇತ್ತು, ಅಂದ್ರೆ ಬಿಚ್ಚೇ ಇಲ್ಲ.

ಆಮೇಲೆ ಯಾರೋ ಈ ಅಂಗಡಿ ಹೇಳಿದ್ರು. ಡೊಂಬಿವ್ಲಿಯಿಂದ ದಾದರ್, ಅಲ್ಲಿ ವೆಸ್ಟರ್ನ್ ಲೈನ್ ಹಿಡಿದು ಗ್ರ್ಯಾಂಟ್ ರೋಡ್, ಬೆಳಿಗ್ಗೆ ರಶ್ಶಲ್ಲಿ ಕನ್ಸೋಲ್ ಚೀಲಾನ ಎದೆಗೆ ಅಪ್ಕೊಂಡು ಹೋಗೋದು ಅಂದ್ರೆ ಹಸುಗೂಸು ಹೊತ್ಕೊಂಡು ಜಾತ್ರೆಗೆ ಹೋದ ಹಾಗೆ. ಲ್ಯಾಮಿಂಗ್ಟನ್ ರೋಡ್ ಗಲ್ಲೀಲಿ ಮಹಡಿ ಮೇಲೆ, ಒಂದು ಮೇಜು, ಒಂದು ಸ್ಟೂಲು, ಫ್ಯಾನ್ ಇದೆ ಆದ್ರೆ ಸೋಲ್ಡರಿಂಗ್ ಮಾಡುವಾಗ ಆಫ್ ಮಾಡ್ತಾರೆ, ಅಂದ್ರೆ ಯಾವಾಗ್ಲೂ ಆಫ್.

ನಂಗೆ ಇಷ್ಟ ಆಗಿದ್ದೇನಪ್ಪಾ ಅಂದ್ರೆ ಈ ಮನುಷ್ಯ ಕನ್ಸೋಲ್ ಮುಟ್ಲೇ ಇಲ್ಲ, ಮೊದಲು ಅಡಾಪ್ಟರ್ ಕೊಡಿ ಅಂದ್ರು. ನನ್ನ ಫುಟ್‌ಪಾತ್ ಅಡಾಪ್ಟರಿಗೆ ಮೀಟರ್ ಹಿಡಿದ್ರೆ 13 ವೋಲ್ಟ್! ನಾನು ನೋಡಿ ಜಾಸ್ತಿನೇ ಇದೆಯಲ್ಲಾ ಅಂದೆ. ನಗ್ತಾ ಒಂದು ದಪ್ಪ ಬಿಳಿ ಸಿಮೆಂಟ್ ರೆಸಿಸ್ಟರ್ ತೆಗೆದು, 10 ಓಮ್ಸಿಂದು, ಭಾರ ಹೊರಿಸೋಕೆ ಅಂತ ಅಡಾಪ್ಟರಿಗೆ ಜೋಡಿಸಿದ್ರು ನೋಡಿ, ಸರ್ರಂತ 6ಕ್ಕೆ ಇಳೀತು. ಅಡಾಪ್ಟರಿನ ಮೈಮೇಲೆ 500 ಮಿಲಿಆಂಪ್ ಅಂತ ಬರ್ದಿತ್ತು, ಅಂದ್ರೆ ಅದಕ್ಕೆ ಕೊಡೋಕಾಗೋ ಕರೆಂಟ್ ಅಷ್ಟೇ, ನಾನು ಓದಿರ್ಲಿಲ್ಲ. ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ಗಳು ಖಾಲಿ ಇದ್ದಾಗ ಹೀಗೇ ಮೀಸೆ ತಿರುವುತ್ತವಂತೆ, ಭಾರ ಬಿದ್ಮೇಲೆ ಗೊತ್ತಾಗೋದು ಅಸಲಿ ಶಕ್ತಿ.

ಕನ್ಸೋಲ್ ಒಳಗೆ ಎರಡು 7805 ರೆಗ್ಯುಲೇಟರ್ ಇವೆ, ಶಾಖ ಹೀರೋ ಹೀಟ್‌ಸಿಂಕಿಗೆ ಕೂರ್ಸಿದ್ದು. ಬರೋ ಒಂಬತ್ತು ಹತ್ತು ವೋಲ್ಟನ್ನ 5ಕ್ಕೆ ಇಳಿಸೋದು ಅವುಗಳ ಕೆಲಸ, ಆದ್ರೆ ಅವುಕ್ಕೆ ಹೊಟ್ಟೆಗೆ 7 ವೋಲ್ಟ್ ಹತ್ರ ಹತ್ರನಾದ್ರೂ ಬೀಳ್ಬೇಕು, ಇಲ್ಲಾಂದ್ರೆ 5 ಕೊಡೋಕಾಗಲ್ಲ. ಆ ಕೆಂಪು ಎಲ್ಇಡಿ ಲೈಟಿಗೆ ಏನು, ಎರಡು ವೋಲ್ಟ್ ಸಿಕ್ರೂ ಹಲ್ಲು ಕಿರಿಯುತ್ತೆ. ಹಾಗಾಗಿ ಲೈಟ್ ಬಂದಿದೆ ಅಂದ್ರೆ ಕರೆಂಟ್ ಸರಿಯಿದೆ ಅಂತ ಅಲ್ವೇ ಅಲ್ಲ, ಇಷ್ಟು ವರ್ಷ ನಾನು ಹಂಗೇ ಅಂದ್ಕೊಂಡಿದ್ದೆ.

ಸರಿ, ಅಡಾಪ್ಟರ್ ಪಕ್ಕಕ್ಕಿಟ್ಟು ಅವರ ಮೇಜಿನ ಸಪ್ಲೈಯಿಂದ ಗಟ್ಟಿ 9 ವೋಲ್ಟ್ ಕೊಟ್ರು. ಆಗ್ಲೂ ಕಪ್ಪು! ಆಗ ಮುಚ್ಚಳ ಬಿಚ್ಚಿದ್ರು. ಅಡಾಪ್ಟರ್ ಚುಚ್ಚೋ ಜ್ಯಾಕ್ ಹತ್ರ ಅಳೆದ್ರೆ 9, ಆನ್ ಆಫ್ ಸ್ವಿಚ್ ದಾಟಿದ್ಮೇಲೆ ಅಳೆದ್ರೆ 6 ಚಿಲ್ರೆ, ರೆಗ್ಯುಲೇಟರಿಂದ ಆಚೆ 4.3. ಕಳ್ಳ ಸಿಕ್ಬಿಟ್ಟ. ಸ್ವಿಚ್ ಒಳಗಿನ ಗ್ರೀಸ್ ಗಟ್ಟಿಯಾಗಿ, ತಗಡೆಲ್ಲ ಕಪ್ಪಾಗಿ, ಮೂರು ವೋಲ್ಟ್ ಅಲ್ಲೇ ನುಂಗ್ತಾ ಇತ್ತು. ಕ್ಯಾಸಿಯೋ ಅಡಾಪ್ಟರಲ್ಲೂ ಯಾಕೆ ಬರ್ಲಿಲ್ಲ ಅನ್ನೋದಕ್ಕೆ ಉತ್ತರ ಇದೇ. ಬೇರೆ ಯಾರೇ ಆಗಿದ್ರೂ 4.3 ನೋಡಿದ ತಕ್ಷಣ ರೆಗ್ಯುಲೇಟರ್ ಕಿತ್ತು ಹೊಸದು ಹಾಕ್ತಿದ್ರು, ಆಮೇಲೂ ಅದೇ 4.3 ಬರ್ತಿತ್ತು, ಆಮೇಲೆ ಬೋರ್ಡ್ ಡೆಡ್ಡು.

ಸ್ವಿಚ್ ತೆಗೆದು ತೊಳೆದ್ರು, ಜ್ಯಾಕಿನ ಕಾಲಿನ ಸೋಲ್ಡರ್ ಸುತ್ತ ಬಿರುಕು ಬಿಟ್ಟಿತ್ತು, ಹೊಸ ಸೋಲ್ಡರ್ ಹಾಕಿದ್ರು (ವೈರ್ ಅಲ್ಲಾಡಿದ್ರೆ ಲೈಟ್ ಹೋಗ್ತಿದ್ದಿದ್ದು ಇದರಿಂದ). ಈಗ ಸೋನಿಕ್ ಗೇಮಿನ ಕ್ಯಾಟ್ರಿಜ್ ಹಾಕಿದ್ರೆ ಸೆಗಾ ಲೈಸೆನ್ಸ್ ಅಂತ ಬಿಳಿ ಅಕ್ಷರ ಬಂತು, ಅಲ್ಲಿಗೇ ನಿಂತ್ಹೋಯ್ತು. ನನ್ನ ಮುಖ ಬಾಡ್ತು, ಅವ್ರ ಮುಖ ಅರಳ್ತು. ಯಾಕಂದ್ರೆ ಆ ಅಕ್ಷರ ಬರ್ಬೇಕಾದ್ರೆ ಕನ್ಸೋಲ್ ಕ್ಯಾಟ್ರಿಜ್ ಒಳಗೆ ಸೆಗಾ ಅನ್ನೋ ನಾಲ್ಕು ಇಂಗ್ಲಿಷ್ ಅಕ್ಷರ ಇದ್ಯಾ ಅಂತ ಓದಿ ನೋಡಿರ್ಬೇಕು, ಅಂದ್ರೆ 68000 ಪ್ರೊಸೆಸರ್ ಬದುಕಿದೆ, ವಿಡಿಯೋ ಚಿಪ್ಪೂ ಬದುಕಿದೆ. 300 ರೂಪಾಯಿ ಕೊಟ್ಟು ಸಾಯಿಸಿದ್ದ ಪ್ರೊಸೆಸರ್ ಎದ್ದು ಕೂತಿತ್ತು. ಇನ್ನು ಉಳಿದಿದ್ದು ಕ್ಯಾಟ್ರಿಜ್ ಕೂರೋ 64 ಪಿನ್ನಿನ ಸ್ಲಾಟಿನ ಕೊಳೆ ಅಷ್ಟೆ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಕ್ಯಾಟ್ರಿಜ್ಜನ್ನೇ ನಾಲ್ಕೈದು ಸಲ ಹಾಕಿ ತೆಗೆದು ಮಾಡಿದ್ರು, ಒರೆಸಿದ ಹತ್ತಿ ಕಡ್ಡಿ ಮಸಿ ಥರ ಕಪ್ಪು. ನಾನು ಅಭ್ಯಾಸ ಬಲದಿಂದ ಕ್ಯಾಟ್ರಿಜ್ಜಿಗೆ ಉಫ್ ಅಂತ ಊದೋಕೆ ಹೋದ್ರೆ ಕೈಯಿಂದ ಕಿತ್ಕೊಂಡ್ರು, ಎಂಜಲ ತೇವ ಪಿನ್ನಿಗೆ ಹತ್ತಿ ತುಕ್ಕು ಹಿಡಿಯುತ್ತೆ, ಬಾಂಬೆ ಹವಾಗೆ ನಿಮ್ಮ ಸಹಾಯ ಬೇರೆ ಬೇಕಾ ಅಂದ್ರು. ರಬ್ಬರಲ್ಲಿ ಉಜ್ಜೋದಕ್ಕೂ ಬೈತಾರೆ.

ಇಷ್ಟೆಲ್ಲ ಒಂದೇ ದಿನ ಆಯ್ತು ಅಂದ್ಕೋಬೇಡಿ. ಅಳತೆ ಎಲ್ಲ ನನ್ನೆದುರೇ ಒಂದು ಗಂಟೇಲಿ ಮುಗೀತು, ಸ್ವಿಚ್ಚಿಗೆ ನಾಲ್ಕು ದಿನ ಅಂದವ್ರು ಮೂರು ವಾರ ಮಾಡಿದ್ರು, ಫೋನ್ ಎತ್ತಲ್ಲ, ಬಿಲ್ ಕೇಳಿದ್ರೆ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಬರ್ಕೊಡ್ತಾರೆ. ರಿಪೇರಿಗೆ 850, ಹೊಸ ಅಡಾಪ್ಟರಿಗೆ 450. ಅಡಾಪ್ಟರ್ 9 ವೋಲ್ಟ್ 2 ಆಂಪ್, ಅದರ ಪಿನ್ ಕತ್ತರಿಸಿ ನಡುವೆ ಮೈನಸ್ ಬರೋ ಹಾಗೆ ತಿರುಗಿಸಿ ಹಾಕಿ ಮೇಲೆ ಮಾರ್ಕರಲ್ಲಿ ಬರೆದಿದ್ದಾರೆ, ಅದು ಒಳ್ಳೇದು. ಎರಡನೇ ಮಾಡೆಲ್ ಮೆಗಾ ಡ್ರೈವ್ ಇರೋರು ಇದನ್ನ ನೋಡಿ ಹಂಗೇ ಮಾಡ್ಬೇಡಿ, ಅದಕ್ಕೆ ಉಲ್ಟಾ, ನಡುವೆ ಪ್ಲಸ್ಸು, ಪಿನ್ ಸೈಜೂ ಬೇರೆ. ಮನೇಲಿ ರೂಟರಿನ 12 ವೋಲ್ಟ್ ಅಡಾಪ್ಟರ್ ಇದೆ ಹಾಕ್ಲಾ ಅಂತ ಕೇಳಿದ್ದಕ್ಕೆ ಬೈದ್ರು, ಪೋಲಾರಿಟಿ (ಪ್ಲಸ್ ಮೈನಸ್ಸಿನ ಕಥೆ) ಬಿಡಿ, 9 ಕೊಟ್ರೆ ನಾಲ್ಕು ವೋಲ್ಟ್ ಶಾಖ ಆಗಿ ಹೋಗುತ್ತೆ, 12 ಕೊಟ್ರೆ ಏಳು, ರೆಗ್ಯುಲೇಟರ್ ಮೇಲೆ ದೋಸೆ ಹುಯ್ಯಬಹುದು.

ಮನೆಗೆ ತಂದು ಅಲ್ಲಾಡಿಸಿದ್ರೆ ಗಲಗಲ. ಒಳಗಿನ ತಗಡಿನ ಶೀಲ್ಡಿಗೆ ಎರಡು ಸ್ಕ್ರೂ ಹಾಕೇ ಇಲ್ಲ. ಆಟಕ್ಕೇನೂ ತೊಂದ್ರೆ ಇಲ್ಲ, ಮಗಳು ಮೊದಲನೇ ಜೋನ್ ದಾಟಿದ್ದಾಳೆ, ಆದ್ರೂ ಆ ಸದ್ದು ಕೇಳಿದಾಗೆಲ್ಲ ಮೈ ಉರಿಯುತ್ತೆ.

ಹೋಗೋರು ನಿಮ್ಮ ಅಡಾಪ್ಟರ್ ಮತ್ತೆ ಒಂದು ಕ್ಯಾಟ್ರಿಜ್ ಜೊತೇಲೇ ತಗೊಂಡ್ಹೋಗಿ, ಬರೀ ಕನ್ಸೋಲ್ ತಂದ್ರೆ ವಾಪಸ್ ಕಳಿಸ್ತಾರೆ. ಭಾನುವಾರ ಬಂದ್. ಮತ್ತೆ ವಾಪಸ್ ತಗೊಳ್ಳುವಾಗ ಅಲ್ಲೇ ಒಂದ್ಸಲ ಅಲ್ಲಾಡಿಸಿ ನೋಡಿ.