ರಾಜಹಂಸಗಡದ ಇಳಿಜಾರಿನಲ್ಲಿ ಮೂರು ಸೈಕಲ್

ಸೈಕಲ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಮಾಡುವುದು ಬಾರ್‌ಗೆ ಎರಡು ಬೆರಳು ಹಾಕಿ ಎತ್ತಿ ನೋಡುವುದು. ನಾನೂ ಎತ್ತಿದೆ. ಹಗುರವಾದದ್ದೇ ನನ್ನದು ಎಂದು ಮನಸ್ಸು ಅಲ್ಲಿಯೇ ತೀರ್ಮಾನಿಸಿಬಿಟ್ಟಿತ್ತು. ಆದರೆ ವಾರಕ್ಕೆ ಎರಡು ಸಲ ನಾನು ಹತ್ತಿ ಇಳಿಯುವುದು ಯಳ್ಳೂರಿನ ಗುಡ್ಡದ ಕೋಟೆ ರಾಜಹಂಸಗಡವನ್ನು, ಅಂಗಡಿಯ ಟೈಲ್ಸ್ ನೆಲವನ್ನಲ್ಲ. ಆದ್ದರಿಂದ ಸೆಪ್ಟೆಂಬರಿನ ಒಂದು ಭಾನುವಾರ ಬೆಳಗಾವಿಯಿಂದ ಮೂರನ್ನೂ ಅಲ್ಲಿಗೇ ಒಯ್ದೆವು. ಎರಡನ್ನು ಅಂಗಡಿಯವರು ಅರ್ಧ ದಿನಕ್ಕೆ ಕೊಟ್ಟಿದ್ದರು, ಮೂರನೆಯದು ಗೆಳೆಯನದು. ತಂಗಿಯ ಮಗನೂ ಸೇರಿ ನಾವು ಮೂವರು, ಗಡದ ಬುಡದಲ್ಲಿ ಅದಲು ಬದಲು ಮಾಡಿಕೊಳ್ಳುವ ಏರ್ಪಾಡು.

ಸರಕು ಇಷ್ಟು: ಅಲ್ಯೂಮಿನಿಯಂ ರೋಡ್ ಸೈಕಲ್, 25 ಮಿ.ಮೀ. ಟೈರು, ರಿಮ್ ಬ್ರೇಕು, 10.2 ಕಿಲೋ. ಗೆಳೆಯನ ಕಾರ್ಬನ್ ಚೌಕಟ್ಟಿನ ಸೈಕಲ್, 28ರ ಟೈರು, ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕು, 8.4 ಕಿಲೋ. ಕೊನೆಗೆ ಕಚ್ಚಾ ರಸ್ತೆಗೂ ಆಗುವ ಗ್ರಾವೆಲ್ ಸೈಕಲ್, 38ರ ದಪ್ಪ ಟೈರು, ತಂತಿಯಿಂದ ಎಳೆಯುವ ಡಿಸ್ಕ್ ಬ್ರೇಕು, 11.6 ಕಿಲೋ.

ಮೊದಲ ಸುತ್ತು ವ್ಯರ್ಥವಾಯಿತು. ಕಾರ್ಬನ್ ಮೆತ್ತಗೆ, ಅಲ್ಯೂಮಿನಿಯಂ ಕಲ್ಲು ಎಂದು ನಾನು ಭಾಷಣ ಮಾಡುತ್ತಿರುವಾಗ ಗೆಳೆಯ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನಕ್ಕ. ಗಾಳಿಯ ಒತ್ತಡ ಅಳೆಯುವ ಪಂಪಿನ ಮುಳ್ಳು ಅಲ್ಯೂಮಿನಿಯಂಗೆ 110 ಪಿಎಸ್‌ಐ, ಕಾರ್ಬನ್ನಿಗೆ 70 ತೋರಿಸಿತು. ಅಷ್ಟು ಹೊತ್ತೂ ನಾವು ಸೈಕಲ್ಲುಗಳನ್ನು ಬಿಟ್ಟು ಗಾಳಿಯನ್ನು ಹೋಲಿಸುತ್ತಿದ್ದೆವು! 25ರ ಟೈರನ್ನು 85ಕ್ಕೆ ಇಳಿಸಿ, 28ಕ್ಕೆ 75, 38ಕ್ಕೆ 45 ಇಟ್ಟು, ನಾನು ಹತ್ತುವಾಗಲೆಲ್ಲ ನನ್ನ ಹಳೆಯ ಸೀಟನ್ನೇ ಅದೇ ಎತ್ತರಕ್ಕೆ ಬಿಗಿದು ಮತ್ತೆ ಶುರು ಮಾಡಿದೆವು. ಸೀಟು ಬದಲಿಸುವುದು ಬೇಸರದ ಕೆಲಸವೇ. ಅಷ್ಟೂ ಮಾಡದೆ ಹೋಲಿಸುವುದಾದರೆ ಅಂಗಡಿಯಲ್ಲಿ ಎತ್ತಿ ನೋಡಿದ್ದೇ ಸಾಕಿತ್ತು.

ಏರುವಾಗ ತೂಕದ ಮಹಿಮೆ ನಾನು ಅಂದುಕೊಂಡಷ್ಟು ಕಾಣಲಿಲ್ಲ. ನಾನೇ 78 ಕಿಲೋ. ನನ್ನನ್ನೂ ಸೇರಿಸಿ ತೂಗಿದರೆ ಕಾರ್ಬನ್ನಿಗೂ ಅಲ್ಯೂಮಿನಿಯಂಗೂ ಇರುವ ಅಂತರ ನೂರಕ್ಕೆ ಎರಡು. ನಿಜವಾಗಿ ಕಾಲಿಗೆ ತಿಳಿದದ್ದು ಗಿಯರ್. ಅಲ್ಯೂಮಿನಿಯಂನಲ್ಲಿ ಮುಂದೆ 34 ಹಲ್ಲು, ಹಿಂದೆ ಅತಿ ದೊಡ್ಡದು 28. ಕೊನೆಯ ತಿರುವಿನಲ್ಲಿ ಎದ್ದು ನಿಂತು ತುಳಿಯದೆ ಗತಿಯಿಲ್ಲ. ಕಾರ್ಬನ್ನಿನಲ್ಲಿ ಹಿಂದೆಯೂ 34, ಪೆಡಲ್ ಒಂದು ಸುತ್ತು ಹೋದರೆ ಗಾಲಿಯೂ ಒಂದೇ ಸುತ್ತು, ಕುಳಿತೇ ಹತ್ತಿದೆ. ಗ್ರಾವೆಲ್ಲಿನ ಗಿಯರ್ ಇನ್ನೂ ಹಗುರ. ಅದರಲ್ಲಿ ನಿಧಾನವಾಗಿ ಹತ್ತಿದೆ, ಆದರೆ ಮೇಲೆ ತಲುಪಿದಾಗ ಮಾತನಾಡುವಷ್ಟು ಉಸಿರು ಉಳಿದಿತ್ತು.

ಇಳಿಯುವಾಗ ಜಿಟಿಜಿಟಿ ಮಳೆ ಬಂತು. ಬೇಕಾಗಿದ್ದೂ ಅದೇ. ರಿಮ್ ಬ್ರೇಕು ಹಿಡಿದರೆ ಮೊದಲು ಏನೂ ಆಗುವುದಿಲ್ಲ: ರಬ್ಬರು ರಿಮ್ಮಿನ ನೀರನ್ನು ಒರೆಸುತ್ತದೆ, ಆಮೇಲೆ ಕಚ್ಚುತ್ತದೆ. ಆ ಒಂದು ಕ್ಷಣದಲ್ಲಿ ತಿರುವಿನಾಚೆ ನಿಂತಿದ್ದ ಎಮ್ಮೆ ನನ್ನನ್ನು ನೋಡಿತು, ನಾನು ಎಮ್ಮೆಯನ್ನು ನೋಡಿದೆ. ಹಿಂದಿನ ಗಾಲಿ ಸ್ವಲ್ಪ ಜಾರಿ, ಎಮ್ಮೆಯಿಂದ ಒಂದು ಮಾರು ಈಚೆಗೆ ನಿಂತೆ. ಕಾರ್ಬನ್ ಒಂದು ಬೆರಳಿಗೆ ನಿಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹ್ಯಾಂಡಲ್ ಬಹಳ ಚುರುಕು, ಸೀನಿದರೂ ತಿರುಗಿಬಿಡುತ್ತದೇನೋ ಎನ್ನಿಸುವಷ್ಟು. ಗೆಳೆಯನ ಸೈಕಲ್ಲಿನ ಚೌಕಟ್ಟು 54ರ ಅಳತೆ, ನನಗೆ ಬೇಕಾದದ್ದು 56, ಆ ದೋಷವೂ ಅದರಲ್ಲಿ ಸೇರಿರಬೇಕು. ಕೆಳಗೆ ಬರುವಷ್ಟರಲ್ಲಿ ಕತ್ತು ಬಿಗಿದುಕೊಂಡಿತ್ತು.

ಗ್ರಾವೆಲ್ಲಿನ ಡಿಸ್ಕ್ ಒದ್ದೆಯಾದೊಡನೆ ಕಿರುಚಲು ಶುರು ಮಾಡಿತು, ಊರಿಗೆಲ್ಲ ಕೇಳುವಂತೆ. ಲಿವರನ್ನು ಹೆಚ್ಚು ಎಳೆಯಬೇಕು, ಅದೂ ನಿಜ. ಆದರೆ ಅದು ತನ್ನ ದಾರಿ ಬಿಟ್ಟು ಕದಲಲಿಲ್ಲ. ಮಣ್ಣು ಕೊಚ್ಚಿ ಬಂದು ಹರಡಿದ್ದ ತಿರುವಿನಲ್ಲಿಯೂ ದಪ್ಪ ಟೈರು ನೆಲ ಬಿಡಲಿಲ್ಲ. ಇಷ್ಟು ವರ್ಷ ಆ ಇಳಿಜಾರಿನಲ್ಲಿ ನನ್ನ ಕಣ್ಣು ಮುಂದಿನ ಗುಂಡಿಯ ಮೇಲೆಯೇ ಇರುತ್ತಿತ್ತು. ಅಂದು ತಲೆ ಎತ್ತಿ ಕೆಳಗಿನ ಬತ್ತದ ಗದ್ದೆಗಳನ್ನು ನೋಡಿದೆ. ಮಳೆಯಲ್ಲಿ ಹಸಿರು ಹಾಸಿಕೊಂಡು ಬಿದ್ದಿದ್ದವು.

ವಡಗಾವಿಯ ಸಮತಟ್ಟು ರಸ್ತೆಯಲ್ಲಿ ಅದೇ ಸೈಕಲ್ ನನ್ನ ಮಾನ ಕಳೆಯಿತು. ಅಲ್ಯೂಮಿನಿಯಂ ಹತ್ತಿದ್ದ ಅಳಿಯ ಹಿಂದೆ ತಿರುಗಿ, "ಮಾಮಾ, ಹಿಂದೆ ಚಕ್ಕಡಿ ಕಟ್ಟಿಕೊಂಡಿದ್ದೀರಾ?" ಎಂದ. ಅವನ ವಯಸ್ಸಿಗೆ, ಅವನ ಜೇಬಿಗೆ ಅದೇ ಸರಿ; ಬ್ರೇಕಿನ ರಬ್ಬರನ್ನು ಮನೆಯಲ್ಲಿಯೇ ಬದಲಿಸಿಕೊಳ್ಳಬಹುದು. ಕಾರ್ಬನ್ನಿನ ಬೆಲೆಯಲ್ಲಿ ಉಳಿದ ಎರಡನ್ನೂ ಕೊಂಡು ಇನ್ನೂ ಹಣ ಉಳಿಯುತ್ತದೆ. ಬಿದ್ದರೆ ಒಳಗೆ ಬಿರುಕು ಬಿಟ್ಟಿದೆಯೋ ಎಂಬ ಚಿಂತೆ ಬೇರೆ.

ಸೋಮವಾರ 56ರ ಅಳತೆಯ ಗ್ರಾವೆಲ್ಲಿಗೆ ಮುಂಗಡ ಕೊಟ್ಟು ಬಂದೆ. ಬೇಸಿಗೆಗೆಂದು 32ರ ನುಣುಪು ಟೈರುಗಳ ಜೋಡಿಯನ್ನೂ ಹೇಳಿದ್ದೇನೆ. ಅಳಿಯನಿಗೆ ಇನ್ನೂ ಅದನ್ನು ತಿಳಿಸಿಲ್ಲ.